ಮೊರೇರ ಗುಡ್ಡದ ಕಲ್ಮನೆಗಳು

ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿ ಹಿರೇಬೆಣಕಲ್. ಊರಾಚೆಯ ಗುಡ್ಡ ಹತ್ತಿದರೆ ಕಲ್ಲುಚಪ್ಪಡಿಯ ಮನೆಗಳ ಸಾಲೇ ಎದುರಾಗುತ್ತದೆ. ಮೊರೇರೆಂಬ ಕುಳ್ಳ ಜನ ಇಲ್ಲಿ ಬಾಳಿ, ಬೆಂಕಿಮಳೆಗೆ ಸಿಕ್ಕಿ ಅಳಿದರೆಂಬುದು ಸುತ್ತಲಿನವರ ಕತೆ. ಗುಡ್ಡಕ್ಕೆ ಮೊರೇರ ಗುಡ್ಡವೆಂದೇ ಹೆಸರು.

ನಿಜದಲ್ಲಿ ಇವು ಸತ್ತವರಿಗಾಗಿ ಕಬ್ಬಿಣ ಯುಗದ ಜನ ಎಬ್ಬಿಸಿದ ಶಿಲಾಸಮಾಧಿಗಳು. ಕಾಲ ಸುಮಾರು ಕ್ರಿ.ಪೂ. 800ರಿಂದ 200. ಲೆಕ್ಕಕ್ಕೆ ಸಿಕ್ಕವು 400ರಷ್ಟು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದ.

ಒಂದು ಸಮಾಧಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ನಾಲ್ಕು ಚಪ್ಪಡಿ ನಿಲ್ಲಿಸಿ, ಒಂದರ ಅಂಚು ಇನ್ನೊಂದನ್ನು ಹಿಡಿಯುವಂತೆ ಆನಿಸಿದ್ದಾರೆ, ಗಾರೆಯ ಸುಳಿವಿಲ್ಲ. ಮೇಲೆ ಭಾರಿ ಮುಚ್ಚುಗಲ್ಲು. ಒಂದು ಬದಿಗೆ ತಲೆ ತೂರಿಸುವಷ್ಟು ಅಗಲದ ದುಂಡನೆ ಕಿಂಡಿ. ಕೆಲವು ಆಳೆತ್ತರವನ್ನೂ ಮೀರಿವೆ. ಬಿಸಿಲಿಗೆ ಕಾದು, ಇರುಳಿಗೆ ತಣಿದು ಇಲ್ಲಿನ ಗ್ರಾನೈಟ್ ಬಂಡೆ ಈರುಳ್ಳಿಯಂತೆ ಪದರು ಬಿಡುತ್ತದೆ. ಆ ಪದರನ್ನೇ ಎಬ್ಬಿಸಿ ಚಪ್ಪಡಿ ಮಾಡಿಕೊಂಡರು. ಕಲ್ಲು ತೆಗೆದ ಜಾಗ ಇಂದಿಗೂ ಗುಡ್ಡದ ಮೇಲೇ ಇದೆ, ಪಕ್ಕದಲ್ಲಿ ನೀರಿನ ಹೊಂಡವೂ ಇದೆ. ಎತ್ತರದ ಬಂಡೆಯೊಂದರ ನೆತ್ತಿಯಲ್ಲಿ ಅರ್ಧಗೋಳದ ಕಲ್ಲಿನ ನಗಾರಿ. ಬಡಿದರೆ ದನಿ ದೂರದವರೆಗೆ ಹೋಗುತ್ತದೆ. ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ.

ಇಷ್ಟೆಲ್ಲ ಒಂದೇ ಗುಡ್ಡದಲ್ಲಿ ಕೂಡಿರುವುದೇ ಹಿರೇಬೆಣಕಲ್ಲಿನ ಹಿರಿಮೆ. ಹಾಗಾಗಿ ನಾಲ್ಕಾರು ಚೆಂದದ ಸಮಾಧಿಗಳಿಗೆ ಬೇಲಿ ಹಾಕಿದರೆ ಸಾಲದು. ಹೊಂಡ, ನಗಾರಿ, ಚಿತ್ರ, ಕಲ್ಲು ಕಿತ್ತ ಜಾಗ ಎಲ್ಲವೂ ಉಳಿಯಬೇಕು.

ಅನೇಕ ಸಮಾಧಿಗಳು ಮಗುಚಿ ಬಿದ್ದಿವೆ. ಕಾಲ ಕೆಡವಿದ್ದಕ್ಕಿಂತ ನಿಧಿಗಳ್ಳರು ಕೆಡವಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಡಿನ ಬೃಹತ್ ಶಿಲಾಸಮಾಧಿಗಳನ್ನು ಅಗೆದಾಗ ಸಾಮಾನ್ಯವಾಗಿ ಸಿಗುವುದು ಎಲುಬು, ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮಣಿ. ಕೊಪ್ಪರಿಗೆ ಹೊನ್ನಿನ ಆಸೆಗೆ ಎರಡು ಸಾವಿರ ವರ್ಷ ನಿಂತ ಕಲ್ಲನ್ನು ಉರುಳಿಸುತ್ತಾರೆ! ಒಮ್ಮೆ ಅಗೆದು ಕಲಕಿದ ಮಣ್ಣಿನಿಂದ ಪುರಾತತ್ವಜ್ಞರು ಮತ್ತೆ ಇತಿಹಾಸ ಓದಲಾರರು.

ತಾಣ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿಗಿಂತ ಮೊದಲು ಬೇಕಾದದ್ದು ಗುಡ್ಡದ ಮೇಲೆ ಹಗಲಿರುಳು ಕಾವಲು. ಆ ಕೆಲಸಕ್ಕೆ ಗುಡ್ಡ ಬಲ್ಲ ಊರಿನ ಹುಡುಗರಿಗಿಂತ ತಕ್ಕವರು ಯಾರು?

ಹೋಗುವವರು ಬೆಳಗಿನ ಹೊತ್ತೇ ಹತ್ತಿ, ಕುಡಿಯುವ ನೀರು ಒಯ್ಯಿರಿ. ದಾರಿ ಬಲ್ಲ ಊರವರೊಬ್ಬರು ಜೊತೆಗಿರಲಿ. ಫೋಟೊಕ್ಕಾಗಿ ಮುಚ್ಚುಗಲ್ಲು ಏರಬೇಡಿ.