ಹಳೆಯ ಕಾರುಗಳ ಇಗ್ನಿಷನ್ ದೋಷಪತ್ತೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಕಿಡಿ ಹುಟ್ಟದಿರುವ ಕಾರಣವನ್ನು ಹಂತಹಂತವಾಗಿ ಗುರುತಿಸುವ ಕ್ರಮವೇ ಇಗ್ನಿಷನ್ ದೋಷಪತ್ತೆ. ಈ ಕಾರುಗಳಲ್ಲಿ ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಪಾಯಿಂಟ್‌ಗಳು ಕಡಿತಗೊಳಿಸಿದಾಗ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಉಂಟಾಗುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸ್ಪಾರ್ಕ್ ಪ್ಲಗ್‌ಗಳಿಗೆ ಹಂಚುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ ಸುರಿಯುವ ಮಂಗಳೂರಿನಂತಹ ಕರಾವಳಿ ನಗರಗಳಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕುಳಿತು ವಿದ್ಯುತ್ ಸೋರಿಹೋಗಬಹುದು. ಆದ್ದರಿಂದ ಮೊದಲು ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಿ, ಬಿರುಕು ಅಥವಾ ಕೂದಲೆಳೆಯಂತಹ ಕರಿಗೆರೆ ಇದೆಯೇ ಎಂದು ನೋಡಬೇಕು.

ಅನಂತರ ಮುಚ್ಚಳದ ನಡುವಿನ ತಂತಿಯನ್ನು ಕಳಚಿ, ಅವಾಹಕ ಹಿಡಿಯುಳ್ಳ ಇಕ್ಕಳದಿಂದ ಎಂಜಿನ್ ಲೋಹದ ಸಮೀಪ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಪೆಟ್ರೋಲ್ ಸೋರಿಕೆ ಅಥವಾ ವಾಸನೆ ಇದ್ದರೆ ಈ ಪರೀಕ್ಷೆ ಅಪಾಯಕಾರಿ. ನೀಲಿ ಕಿಡಿ ಬಲವಾಗಿ ಹಾರಿದರೆ ಕಾಯಿಲ್ ಮತ್ತು ಪಾಯಿಂಟ್‌ಗಳು ಸರಿಯಿವೆ. ದೋಷವು ಮುಚ್ಚಳ, ರೋಟರ್, ಪ್ಲಗ್ ತಂತಿ ಅಥವಾ ಪ್ಲಗ್‌ಗಳಲ್ಲಿರುತ್ತದೆ. ಕಿಡಿ ಬಾರದಿದ್ದರೆ ಕಾಯಿಲ್‌ಗೆ ವಿದ್ಯುತ್ ತಲುಪುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್‌ನಿಂದ ಪರೀಕ್ಷಿಸಿ, ಬಳಿಕ ಪಾಯಿಂಟ್‌ಗಳನ್ನು ನೋಡಬೇಕು. 1489 ಸಿ.ಸಿ. ಅಂಬಾಸಿಡರ್ ಎಂಜಿನ್‌ನಲ್ಲಿ ಅವು ಪೂರ್ಣವಾಗಿ ತೆರೆದಾಗ ಇರಬೇಕಾದ ಅಂತರ ಸುಮಾರು 0.4 ಮಿ.ಮೀ. ಪಾಯಿಂಟ್‌ಗಳು ಪದೇಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಾಧ್ಯತೆಯಿದೆ. ಈ ಕ್ರಮವನ್ನು ಪಾಲಿಸಿದರೆ ಸುಸ್ಥಿತಿಯ ಭಾಗಗಳನ್ನು ವೃಥಾ ಬದಲಿಸುವ ವೆಚ್ಚ ತಪ್ಪುತ್ತದೆ.