ಕಾಯುವ ಪೇಟಿ

ತಬಲಾ ಕಲಿಯುವ ಮಕ್ಕಳಿಗೆ ತೀನ್‌ತಾಲ ಗೊತ್ತು. ಒಟ್ಟು 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಸುತ್ತು ಮುಗಿದೊಡನೆ ಮತ್ತೆ ಮೊದಲ ಮಾತ್ರೆ, ಅಂದರೆ ಸಮ್. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ಟಿಆರ್-808’ ಎಂಬ ತಾಳದ ಯಂತ್ರ ತಂದಾಗ ಅದರ ಮೇಲೂ ಒಂದೇ ಸಾಲಿನಲ್ಲಿ 16 ಗುಂಡಿಗಳಿದ್ದವು. ತೀನ್‌ತಾಲ ನೋಡಿ ಮಾಡಿದ್ದೇನಲ್ಲ. ನಾಲ್ಕು ನಾಲ್ಕರ ಲೆಕ್ಕ ಅವರ ಸಂಗೀತದಲ್ಲೂ ಇದೆ, ಅಷ್ಟೇ.

ಹೀಗೆ ಒಂದೊಂದೇ ಮನೆ ತುಂಬಿಸಿ ನುಡಿಸುವ ಸಾಧನಕ್ಕೆ ‘ಸ್ಟೆಪ್ ಸೀಕ್ವೆನ್ಸರ್’ ಎಂದು ಹೆಸರು. ಚೌಕಾಬಾರದಲ್ಲಿ ಇದ್ದಂತೆ ಇಲ್ಲಿಯೂ ಮನೆಗಳು. ಒಂದೊಂದರಲ್ಲಿ ಒಂದೊಂದು ಸ್ವರ. ಈಗ ಇದು ಪುಟ್ಟ ಕೀಬೋರ್ಡ್‌ಗಳಲ್ಲೇ ಸೇರಿಕೊಂಡು ಬರುತ್ತದೆ. ಅಂಥದೊಂದು ಧಾರವಾಡದ ನಮ್ಮ ಮನೆಗೂ ಬಂದಿದೆ, ಏಳನೆಯ ಇಯತ್ತೆಯ ಮೊಮ್ಮಗಳಿಗಾಗಿ.

ನಾನು ಮೂವತ್ತು ವರ್ಷ ಭಜನೆಗೆ ಪೇಟಿ ನುಡಿಸಿದವನು. ಈಗ ಸಂಧಿವಾತದಿಂದ ಬೆರಳುಗಳು ಸೆಟೆದಿವೆ. ತೋರುಬೆರಳೊಂದೇ ಮಾತು ಕೇಳುತ್ತದೆ. ಪೇಟಿಗೆ ಬಟ್ಟೆ ಹೊದಿಸಿಟ್ಟು ಎರಡು ವರ್ಷವಾಗಿತ್ತು. ಮೊಮ್ಮಗಳು ಕರೆದಾಗ, “ಈ ಕೈಲೆ ಎಲ್ಲಿ ಆಗತೈತಿ ಬಿಡವ್ವಾ” ಅಂದೆ.

“ಅಜ್ಜಾ, ಲಗೂ ಮಾಡೂದೇ ಬ್ಯಾಡ. ನೀ ಮುಂದಿನ ಸ್ವರಾ ಒತ್ತೂತನಕಾ ಇದು ಕಾಯತೈತಿ” ಅಂದಳು.

ಇದರ ಗುಟ್ಟೇ ಅದು. ರೆಕಾರ್ಡ್ ಗುಂಡಿ ಒತ್ತಿ, ಒಂದು ಕೀ ಒತ್ತಿದರೆ ಮೊದಲ ಮನೆ ತುಂಬಿತು. ಇನ್ನೊಂದು ಒತ್ತಿದರೆ ಎರಡನೆಯದು. ನಡುವೆ ಚಹಾ ಕುಡಿದು ಬಂದರೂ ಅದು ಅಲ್ಲಿಯೇ ಕಾದಿರುತ್ತದೆ. ಆಮೇಲೆ ಪ್ಲೇ ಒತ್ತಿದರೆ ಎಲ್ಲ ಮನೆಗಳನ್ನೂ ಸಮ ಅಂತರದಲ್ಲಿ ನುಡಿಸಿ ಮತ್ತೆ ಮೊದಲಿಗೆ ಬರುತ್ತದೆ. ವೇಗ ಹೆಚ್ಚು ಕಡಿಮೆ ಮಾಡಲು ಬೇರೆ ಗುಂಡಿ.

ನಾವು ಆರಿಸಿಕೊಂಡದ್ದು ಭೂಪ ರಾಗ. ಇದರಲ್ಲಿ ಐದೇ ಸ್ವರ. ಮಧ್ಯಮ, ನಿಷಾದ ಇಲ್ಲ. ಮೂರು ಕಪ್ಪು ಕೀಗಳ ಗುಂಪಿನಲ್ಲಿ ಮೊದಲನೆಯದನ್ನು ಸಾ ಎಂದುಕೊಳ್ಳಿ. ಬರೀ ಕಪ್ಪು ಕೀಗಳಲ್ಲೇ ಭೂಪ ಸಿಗುತ್ತದೆ. ನಾವು ತುಂಬಿಸಿದ ಸಾಲು ಹೀಗಿದೆ:

ಸಾ ರೇ ಗ ಪ | ಧ ಪ ಗ – | ಪ ಗ ರೇ – | ಗ ರೇ ಸಾ □

ಅಡ್ಡಗೆರೆ ಎಂದರೆ ಹಿಂದಿನ ಸ್ವರವನ್ನೇ ಇನ್ನೊಂದು ಮಾತ್ರೆ ಎಳೆಯುವುದು. ಭಾತಖಂಡೆಯವರ ಸ್ವರಲಿಪಿಯಲ್ಲೂ ಇದೇ ಗೆರೆ. ಯಂತ್ರದಲ್ಲಿ ಅದಕ್ಕೆ ‘ಟೈ’ ಎನ್ನುತ್ತಾರೆ. ಖಾಲಿ ಚೌಕ ಎಂದರೆ ಮೌನ, ‘ರೆಸ್ಟ್’. ಮೌನವೂ ಒಂದು ಮನೆ ಹಿಡಿಯುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣುತ್ತಾರೆ.

ಇನ್ನು ತಿದ್ದುವುದು. ಕೆಲವು ಮಾದರಿಗಳಲ್ಲಿ ಕೊನೆಯ ಮನೆಯನ್ನು ಮಾತ್ರ ಅಳಿಸಲು ಬರುತ್ತದೆ. ಕೆಲವದರಲ್ಲಿ ಬೇಕಾದ ಮನೆಗೆ ಹೋಗಿ ಅದೊಂದನ್ನೇ ಬದಲಿಸಬಹುದು. ಮೊಮ್ಮಗಳು ಎಂಟನೆಯ ಮನೆಯ ಗೆರೆ ತೆಗೆದು ರೇ ಹಾಕಿದಳು. ಗಂಧಾರಕ್ಕೆ ಕೂಡಲು ಜಾಗವೇ ಇಲ್ಲದಂತಾಯಿತು. ಎರಡು ಸುತ್ತು ಕೇಳಿ ಅವಳೇ ಗೆರೆ ಮರಳಿ ಇಟ್ಟಳು. ನಾಲ್ಕನೆಯ ಮನೆಯ ಪ ತೆಗೆದು ಮ ಹಾಕಿ ನೋಡಿದೆವು. ಭೂಪ ಕೆಟ್ಟಿತು, ಯಂತ್ರ ಮಾತ್ರ ಆರಾಮಾಗಿ ನುಡಿಸುತ್ತಲೇ ಇತ್ತು. ಅದಕ್ಕೆ ರಾಗ ಗೊತ್ತಿಲ್ಲ, ಗೊತ್ತಿರಬೇಕಾದದ್ದು ನಮಗೆ.

ಹೀಗೆ ರಾಗವನ್ನೂ ಯಂತ್ರವನ್ನೂ ಕೂಡಿಸಿದವರು ನಮಗಿಂತ ಮೊದಲೇ ಇದ್ದಾರೆ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳ ಒಂದು ಧ್ವನಿಮುದ್ರಿಕೆ ತಂದರು. ಬಳಸಿದ್ದು ಆ 808 ಮತ್ತು ‘ಟಿಬಿ-303’. ಈ ಎರಡನೆಯದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವಿತ್ತು. ನಮ್ಮ ಮೀಂಡ್‌ನ ದೂರದ ನೆಂಟ ಅನ್ನಿ. ಆಗ ಆ ಮುದ್ರಿಕೆಯನ್ನು ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತೇ ಬೆರಗಾಯಿತು.

ಹಾಗಾದರೆ ಇನ್ನು ರಿಯಾಜ್ ಬೇಡವೇ? ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು. ಗುರು ಕೊಟ್ಟ ಸ್ವರಗಳನ್ನು ಮತ್ತೆ ಮತ್ತೆ ಹಾಡಿಯೇ ಒಲಿಸಿಕೊಳ್ಳಬೇಕಿತ್ತು. ಯಂತ್ರವೂ ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ, ಆದರೆ ನೂರನೆಯ ಸಲವೂ ಮೊದಲಿನಂತೆಯೇ. ಮನುಷ್ಯರ ಕಂಠ ಅಷ್ಟೊತ್ತಿಗೆ ಹದಗೊಂಡಿರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೇವೆ: ಒಂದೇ ಬೆರಳಿನಿಂದ ನಾನು ಮನೆ ತುಂಬಿಸುತ್ತೇನೆ, ಅದರ ಜೊತೆ ಮೊಮ್ಮಗಳು ಹಾಡುತ್ತಾಳೆ.

ಯಂತ್ರವಿಲ್ಲದ ಮನೆಯಲ್ಲೂ ಈ ಆಟ ಆಡಬಹುದು. ಗಣಿತದ ಚೌಕುಳಿ ಹಾಳೆಯಲ್ಲಿ 16 ಮನೆ ಗುರುತು ಮಾಡಿ. ಭೂಪದ ಐದು ಸ್ವರ, ಗೆರೆ, ಖಾಲಿ ಚೌಕ, ಇಷ್ಟರಲ್ಲೇ ತುಂಬಿಸಿ. ಅಜ್ಜ-ಅಜ್ಜಿ ಕೈಯಲ್ಲಿ ತಾಳ ಹಾಕಲಿ, ನೀವು ಹಾಡಿ. ಆಮೇಲೆ ಒಂದೇ ಒಂದು ಮನೆ ಬದಲಿಸಿ. ಯಾವುದು ಚೆಂದ ಎಂದು ಇಬ್ಬರೂ ಕೂತು ತೀರ್ಮಾನಿಸಿ.