ದೆವ್ವಕ್ಕಿಂತ ಗೊಂಬೆ ಯಾಕೆ ಹೆಚ್ಚು ಹೆದರಿಸುತ್ತೆ?

ಇವತ್ತಿನ ವಿಷಯ ಒಂದು ವಿಚಿತ್ರ ಭಯ.

ಹುಲಿ ಎದುರಿಗೆ ಬಂದ್ರೆ ಆಗೋ ಭಯ ಅರ್ಥ ಆಗುತ್ತೆ. ಆದರೆ ಮುಚ್ಚಿದ ಬಟ್ಟೆ ಅಂಗಡಿಯ ಕತ್ತಲಲ್ಲಿ ನಿಂತಿರೋ ಗೊಂಬೆ? ಅದು ಏನೂ ಮಾಡಲ್ಲ ಅಂತ ಗೊತ್ತು. ಆದ್ರೂ ಅದಕ್ಕೆ ಬೆನ್ನು ತಿರುಗಿಸೋಕೆ ಮನಸ್ಸು ಬರಲ್ಲ. ಪರಿಚಿತವಾದದ್ದೇ ಎಲ್ಲೋ ಸ್ವಲ್ಪ ಸರಿಯಿಲ್ಲ ಅನ್ನಿಸಿದಾಗ ಆಗೋ ಈ ಕಸಿವಿಸಿಯೇ ‘ಅನ್‌ಕ್ಯಾನಿ’.

ಜರ್ಮನ್‌ನಲ್ಲಿ ಇದಕ್ಕೆ ‘ಉನ್‌ಹೈಮ್ಲಿಷ್’ ಅಂತಾರೆ. ‘ಹೈಮ್’ ಅಂದ್ರೆ ಮನೆ. ‘ಹೈಮ್ಲಿಷ್’ಗೆ ಎರಡು ಅರ್ಥ: ಮನೆಯಂತೆ ಆಪ್ತವಾದದ್ದು, ಮತ್ತು ಗುಟ್ಟಾಗಿ ಮುಚ್ಚಿಟ್ಟದ್ದು. 1906ರಲ್ಲಿ ಅರ್ನ್‌ಸ್ಟ್ ಯೆಂಚ್ ಅನ್ನೋ ಮನೋವೈದ್ಯ, ಎದುರಿಗಿರೋದಕ್ಕೆ ಜೀವ ಇದೆಯೋ ಇಲ್ವೋ ಅನ್ನೋ ಅನುಮಾನದಿಂದ ಈ ಭಯ ಹುಟ್ಟುತ್ತೆ ಅಂದ. 1919ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಅಷ್ಟೇ ಸಾಲದು ಅಂದ. ಅವನ ಪ್ರಕಾರ ಹೆದರಿಸೋದು ಹೊಸದಲ್ಲ. ನಾವೇ ಒಳಗೆ ಅದುಮಿಟ್ಟ ಹಳೇದು ಮತ್ತೆ ತಲೆ ಎತ್ತೋದು.

ಫ್ರಾಯ್ಡ್ ಇದಕ್ಕೆ ಎತ್ತಿಕೊಂಡ ಕಥೆ ಇ.ಟಿ.ಎ. ಹಾಫ್‌ಮನ್‌ನ ‘ದಿ ಸ್ಯಾಂಡ್‌ಮ್ಯಾನ್’. 1816ರದ್ದು. ನಥಾನಿಯಲ್ ಅನ್ನೋ ವಿದ್ಯಾರ್ಥಿ ತನ್ನ ಪ್ರೊಫೆಸರ್ ಮಗಳು ಒಲಿಂಪಿಯಾಳನ್ನ ಪ್ರೀತಿಸ್ತಾನೆ. ಅವಳು ಮಾತಾಡೋದೇ ಕಡಿಮೆ, ಬರೀ ನಿಟ್ಟುಸಿರು. ಇವನು ಗಂಟೆಗಟ್ಟಲೆ ಕವಿತೆ ಓದಿದ್ರೂ ಆಕಳಿಸಲ್ಲ, ಬೇಜಾರು ಮಾಡ್ಕೊಳ್ಳಲ್ಲ. ತನ್ನನ್ನ ಇಷ್ಟು ಅರ್ಥ ಮಾಡ್ಕೊಂಡವರು ಯಾರೂ ಇಲ್ಲ ಅಂದ್ಕೋತಾನೆ. ಅದಕ್ಕೂ ಮೊದಲು, ತನ್ನ ಕವಿತೆಯನ್ನ ಒಪ್ಪದ ಕ್ಲಾರಾಳನ್ನ, ಅಂದ್ರೆ ಅವನನ್ನ ನಿಜವಾಗಿ ಪ್ರೀತಿಸೋ ಹುಡುಗಿಯನ್ನ, ಜೀವವಿಲ್ಲದ ಯಂತ್ರ ಅಂತ ಬೈದಿರ್ತಾನೆ. ಕೊನೆಗೆ ಗೊತ್ತಾಗುತ್ತೆ, ಒಲಿಂಪಿಯಾ ಮರದ ಗೊಂಬೆ.

ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದರ ನಂತರ ಬರುತ್ತೆ. ಸುದ್ದಿ ಕೇಳಿ ಊರಿನ ಪ್ರೇಮಿಗಳಿಗೆಲ್ಲ ಅನುಮಾನ ಶುರುವಾಗುತ್ತೆ. ಒಲಿಂಪಿಯಾಳ ಹಾಡು, ಕುಣಿತ ಎಲ್ಲಾ ಅತಿಯಾಗಿ ತಾಳಬದ್ಧವಾಗಿತ್ತಲ್ಲ, ಅದಕ್ಕೇ ಅವರು ತಮ್ಮ ಹುಡುಗಿಯರಿಗೆ, ಸ್ವಲ್ಪ ತಾಳ ತಪ್ಪಿ ಹಾಡು, ಬರೀ ಕೇಳಿಸ್ಕೋಬೇಡ, ಮಧ್ಯೆ ಏನಾದ್ರೂ ಮಾತಾಡು ಅಂತಾರೆ. ತಪ್ಪು ಮಾಡೋದೇ ಮನುಷ್ಯರ ಗುರುತು!

1970ರಲ್ಲಿ ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ ಇದನ್ನ ಗ್ರಾಫ್ ಮಾಡಿದ. ರೋಬೋ ಮನುಷ್ಯನ ಹಾಗೆ ಆಗ್ತಾ ಹೋದಂತೆ ನಮಗೆ ಇಷ್ಟ ಆಗುತ್ತೆ. ಹೆಚ್ಚುಕಮ್ಮಿ ಮನುಷ್ಯನೇ ಅನ್ನಿಸೋ ಹಂತಕ್ಕೆ ಬಂದಾಗ ಗ್ರಾಫ್ ಧಡಾರಂತ ಬೀಳುತ್ತೆ. ಆ ಹಳ್ಳವೇ ‘ಅನ್‌ಕ್ಯಾನಿ ವ್ಯಾಲಿ’. ಅದನ್ನೂ ದಾಟಿದ್ರೆ ಗ್ರಾಫ್ ಮತ್ತೆ ಮೇಲೇರುತ್ತೆ.

ಈಗಿನ ಸಮಸ್ಯೆ ಆ ದಾಟಿದ ಕಡೆ ಇದೆ. ಬೆಂಗಳೂರಿನ ‘ನಾಳೆ ಬಾ’ ಕಥೆ ಕೇಳಿರ್ತೀರ: ರಾತ್ರಿ ಬಾಗಿಲು ತಟ್ಟಿ, ಮನೆಯವರದ್ದೇ ದನಿಯಲ್ಲಿ ಕರೆಯೋ ದೆವ್ವ. ಇವತ್ತು ಆ ಕೆಲಸವನ್ನ ಎಐ ಮಾಡುತ್ತೆ. ಅಮ್ಮನ ದನಿಯಲ್ಲಿ ಫೋನ್ ಬರಬಹುದು, ಅರ್ಜೆಂಟಾಗಿ ದುಡ್ಡು ಹಾಕು ಅನ್ನಬಹುದು. ದನಿ ಕೃತಕ ಅನ್ನಿಸಿದ್ರೆ ಕಸಿವಿಸಿ ಆಗಿ ನಾವು ಹುಷಾರಾಗ್ತೀವಿ. ಪಕ್ಕಾ ಇದ್ರೆ ಆ ಅಲಾರಂ ಹೊಡೆಯೋದೇ ಇಲ್ಲ.

ಹಾಗಾಗಿ ಹಾಫ್‌ಮನ್‌ನ ಪ್ರೇಮಿಗಳ ಉಪಾಯವೇ ಸರಿ: ಪರೀಕ್ಷೆ ಮಾಡಿ. ಫೋನ್ ಕಟ್ ಮಾಡಿ, ನಿಮ್ಮ ಹತ್ರ ಇರೋ ನಂಬರ್‌ಗೆ ನೀವೇ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳಿ. ದುಡ್ಡು ಹೋಗೇಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಕಾಲ್ ಮಾಡಿ. ಈ ಎಪಿಸೋಡನ್ನ ಮೊದಲು ಅಮ್ಮನಿಗೆ ಕೇಳಿಸಿ. ಮುಂದಿನ ವಾರ ಸಿಗೋಣ.